ಅಪ್‌ಡೇಟ್ ಒತ್ತುವ ಮೊದಲು, ಬೀಗದ ಕೈ ಯಾರ ಹತ್ತಿರ ಇದೆ ಕೇಳಿ

ಮನೆಯಲ್ಲಿ ಒಬ್ಬರು ಪಿಯುಸಿ ಕಾಮರ್ಸ್ ಓದುತ್ತಿದ್ದರೆ ಸಾಕು, ಇಡೀ ಬೀದಿಗೆ ಅವರೇ ಕಂಪ್ಯೂಟರ್ ಇಂಜಿನಿಯರ್. ನಮ್ಮ ಮನೆಯಲ್ಲಿ ಆ ಪದವಿ ನನ್ನದು. ಟ್ಯಾಲಿಯಲ್ಲಿ ನಾಲ್ಕು ವೋಚರ್ ಹಾಕಲು ಬರುತ್ತದೆ ಎಂದ ಮೇಲೆ ಪ್ರಿಂಟರ್ ಸರಿಮಾಡಲು, ಆಧಾರ್ ಡೌನ್‌ಲೋಡ್ ಮಾಡಲು, ಮೊಬೈಲ್ ಹ್ಯಾಂಗ್ ಆದರೆ ಬಿಡಿಸಲು ಎಲ್ಲದಕ್ಕೂ ನನ್ನನ್ನೇ ಕರೆಯುತ್ತಾರೆ. ನನಗೂ ಅದು ಇಷ್ಟವೇ. ಆದರೆ ಈ ತಿಂಗಳು ಅದೇ ಹೆಮ್ಮೆ ನನ್ನನ್ನು ಎರಡು ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ಅದನ್ನು ಬರೆದರೆ ನಾಲ್ಕು ಜನರಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ನನ್ನ ಮಾಮುಗೆ ಬಜಾರಿನಲ್ಲಿ ಪೈಪು, ನಲ್ಲಿ, ಪೇಂಟ್ ಮಾರುವ ಅಂಗಡಿ ಇದೆ. ಅಂಗಡಿಯ ಲೆಕ್ಕವೆಲ್ಲ ಒಂದು ಲ್ಯಾಪ್‌ಟಾಪಿನಲ್ಲಿ. ಅದರಲ್ಲಿರುವುದು ವಿಂಡೋಸ್ 10. 2025ರ ಅಕ್ಟೋಬರ್ 14ರ ನಂತರ ಅದಕ್ಕೆ ಮೈಕ್ರೋಸಾಫ್ಟ್‌ನಿಂದ ಉಚಿತ ಭದ್ರತಾ ಅಪ್‌ಡೇಟ್ ನಿಲ್ಲುತ್ತದೆ ಎಂದು ತರಗತಿಯಲ್ಲಿ ಸರ್ ಹೇಳಿದ್ದರು. ಮಾಮುಗೆ ನಾನೇ ಹೇಳಿದೆ, ‘ವಿಂಡೋಸ್ 11 ಹಾಕಿಕೊಡುತ್ತೇನೆ’ ಎಂದು. ಸೆಪ್ಟೆಂಬರ್ 7, ಭಾನುವಾರ ಮಧ್ಯಾಹ್ನ, ಅಂಗಡಿ ಬಾಗಿಲು ಹಾಕಿದ ಮೇಲೆ ಲ್ಯಾಪ್‌ಟಾಪ್ ನಮ್ಮ ಮನೆಗೆ ಬಂತು.

ನಾನು ಸುಮ್ಮನೆ ಹೋಗಿ ಅಪ್‌ಗ್ರೇಡ್ ಒತ್ತಲಿಲ್ಲ. ಒಂದು ವಿಡಿಯೋ ನೋಡಿದೆ. ‘ಅಪ್‌ಗ್ರೇಡ್‌ಗೆ ಮೊದಲು ಬಯೋಸ್ ಅಪ್‌ಡೇಟ್ ಮಾಡಿ’ ಎಂದು ಅದರಲ್ಲಿತ್ತು. ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿಗೆ ಹೋಗಿ ಅದೇ ಮಾಡೆಲ್‌ನ ಫೈಲ್ ತೆಗೆದುಕೊಂಡೆ, ಚಾರ್ಜರ್ ಹಾಕಿದೆ, ಶುರು ಮಾಡಿದೆ. ಹತ್ತು ನಿಮಿಷದಲ್ಲಿ ಮುಗಿಯಿತು. ರೀಸ್ಟಾರ್ಟ್ ಆಯಿತು. ಆಮೇಲೆ ಒಂದು ನೀಲಿ ಪರದೆ ಬಂತು. ಬಿಟ್‌ಲಾಕರ್ ರಿಕವರಿ ಕೀ ಕೊಡಿ ಎಂದು ಕೇಳಿತು. 48 ಅಂಕಿ.

ಅಂಥ ಕೀ ಒಂದಿದೆ ಎಂಬುದೇ ಮಾಮುಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಲ್ಯಾಪ್‌ಟಾಪ್ ಕೊಂಡಾಗ ಅದನ್ನು ಸಿದ್ಧ ಮಾಡಿಕೊಟ್ಟವನು ಬಜಾರಿನ ಒಬ್ಬ ಹುಡುಗ. ಮಾಮುಗೆ ಇಮೇಲ್ ಇರಲಿಲ್ಲ, ಆದ್ದರಿಂದ ಅವನು ತನ್ನದೇ ಇಮೇಲ್ ಹಾಕಿ ಖಾತೆ ತೆರೆದಿದ್ದ. ಕೀ ಇದ್ದದ್ದು ಆ ಖಾತೆಯಲ್ಲಿ. ಹುಡುಗ ಇದ್ದದ್ದು ದಮ್ಮಾಮ್‌ನಲ್ಲಿ.

ಮಾಮು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ‘ಹನ್ನೊಂದನೇ ತಾರೀಕು ಜಿಎಸ್‌ಟಿ ಇದೆಯಲ್ಲ ಬೇಟಾ’ ಎಂದರು ಅಷ್ಟೆ. ಕಾಮರ್ಸ್‌ನವರಿಗೆ ಇದರ ಅರ್ಥ ಗೊತ್ತು. ತಿಂಗಳು ತಿಂಗಳು ಸಲ್ಲಿಸುವವರು ಹಿಂದಿನ ತಿಂಗಳ ಮಾರಾಟದ ಜಿಎಸ್‌ಟಿಆರ್-1 ಅನ್ನು 11ರೊಳಗೆ ಹಾಕಬೇಕು. ತಡವಾದರೆ ನಷ್ಟ ನಮಗೊಬ್ಬರಿಗೇ ಅಲ್ಲ. ನಮ್ಮಲ್ಲಿ ಮಾಲು ಕೊಂಡ ಕಂಟ್ರಾಕ್ಟರುಗಳಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಬರುವುದೂ ತಡವಾಗುತ್ತದೆ. ಪೆನ್‌ಡ್ರೈವ್‌ನಲ್ಲಿದ್ದ ಟ್ಯಾಲಿ ಬ್ಯಾಕಪ್ ಏಪ್ರಿಲ್ ತಿಂಗಳದ್ದು. ಅಂದರೆ ಐದು ತಿಂಗಳ ಲೆಕ್ಕ ಆ ನೀಲಿ ಪರದೆಯ ಹಿಂದೆ. ಆ ರಾತ್ರಿ ಮಾಮು, ಮುಮಾನಿ ಇಬ್ಬರೂ ಅಟ್ಟದಿಂದ ಕಾರ್ಬನ್ ಬಿಲ್ ಬುಕ್ಕುಗಳನ್ನು ಇಳಿಸಿ ತಿಂಗಳವಾರು ಜೋಡಿಸಿಟ್ಟರು. ಎಲ್ಲ ಮತ್ತೆ ಹೊಡೆಯಬೇಕಾದರೆ ಎಂದು. ಮಾಮುವಿನ ಮಗ, ನನಗಿಂತ ಎರಡು ವರ್ಷ ದೊಡ್ಡವನು, ‘ಹುಡುಗಿ ಕೈಗೆ ಕೊಟ್ಟರೆ ಹೀಗೇ ಆಗೋದು’ ಎಂದ. ನಾನು ಉತ್ತರ ಕೊಡಲಿಲ್ಲ. ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಹುಡುಗನ ತಾಯಿಯ ಮನೆ ಹುಡುಕಿ, ನಂಬರ್ ತೆಗೆದುಕೊಂಡು, ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದೆವು. ಪಾಪ, ಅವನು ಡ್ಯೂಟಿ ಮುಗಿಸಿ, ಮರೆತುಹೋಗಿದ್ದ ಪಾಸ್‌ವರ್ಡ್ ಬದಲಿಸಿ, ಮಂಗಳವಾರ ರಾತ್ರಿ ಹನ್ನೊಂದೂವರೆಗೆ ಆ ಅಂಕಿಗಳ ಫೋಟೋ ಕಳಿಸಿದ. ಮಾಮು ಉರ್ದುವಿನಲ್ಲಿ ಒಂದೊಂದೇ ಅಂಕಿ ಓದಿದರು, ನಾನು ಒತ್ತಿದೆ. ಆರಾರು ಅಂಕಿಯ ಎಂಟು ಗುಂಪು. ಲ್ಯಾಪ್‌ಟಾಪ್ ತೆರೆಯಿತು. ಟ್ಯಾಲಿ ತೆರೆಯಿತು. ಬುಧವಾರ ರಿಟರ್ನ್ ಹೋಯಿತು.

ಇದೆಲ್ಲ ಕೇಳಿದವರು ಎರಡು ಬಗೆಯ ಮಾತು ಹೇಳಿದರು. ಒಂದು, ‘ಓಡುತ್ತಿರುವ ಮಷೀನ್ ಯಾಕೆ ಮುಟ್ಟಿದೆ?’ ಇನ್ನೊಂದು, ‘ಡೈರೆಕ್ಟಾಗಿ ವಿಂಡೋಸ್ 11 ಹಾಕಬೇಕಿತ್ತು, ಬಯೋಸ್ ತಂಟೆಗೆ ಯಾಕೆ ಹೋದೆ?’ ಎರಡೂ ತಪ್ಪು ಎಂಬುದೇ ನನ್ನ ಅಭಿಪ್ರಾಯ. ನಾನು ಮುಟ್ಟಿದ್ದು ತಪ್ಪಲ್ಲ, ಬಯೋಸ್ ಮೊದಲು ಮಾಡಿದ್ದೂ ತಪ್ಪಲ್ಲ. ತಯಾರಿ ಇಲ್ಲದೆ ಮಾಡಿದ್ದು ತಪ್ಪು. ಈ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲು ಡ್ರೈವರ್ ಎಂದರೇನು, ಫರ್ಮ್‌ವೇರ್ ಎಂದರೇನು ಎಂಬುದನ್ನು ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ. ನಮ್ಮ ದಾದಿಗೆ ಉರ್ದು ಬಿಟ್ಟರೆ ಬೇರೆ ಭಾಷೆ ಬರುವುದಿಲ್ಲ. ಆಸ್ಪತ್ರೆಗೆ ಹೋದಾಗ ಡಾಕ್ಟರ್ ಕನ್ನಡದಲ್ಲಿ ಕೇಳುತ್ತಾರೆ, ನಾನು ಉರ್ದುವಿನಲ್ಲಿ ದಾದಿಗೆ ಹೇಳುತ್ತೇನೆ, ದಾದಿಯ ಉತ್ತರವನ್ನು ಕನ್ನಡದಲ್ಲಿ ಡಾಕ್ಟರಿಗೆ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಡ್ರೈವರ್ ಮಾಡುವ ಕೆಲಸ ಇದೇ. ವಿಂಡೋಸ್‌ಗೂ ಪ್ರಿಂಟರಿಗೂ, ವಿಂಡೋಸ್‌ಗೂ ವೈ-ಫೈಗೂ, ವಿಂಡೋಸ್‌ಗೂ ಪರದೆಗೂ ಮಧ್ಯೆ ನಿಂತು ಮಾತು ದಾಟಿಸುವುದು. ಡಾಕ್ಟರ್ ಬದಲಾಗಿ, ಹೊಸ ಡಾಕ್ಟರ್ ಬೇರೆ ರೀತಿಯಲ್ಲಿ ಪ್ರಶ್ನೆ ಕೇಳಿದರೆ, ಹಳೆಯ ರೂಢಿಯಲ್ಲೇ ಇರುವ ನಾನು ತಡವರಿಸುತ್ತೇನೆ. ಆಗ ಪ್ರಿಂಟರ್ ಸುಮ್ಮನಾಗುತ್ತದೆ, ವೈ-ಫೈ ಮಾಯವಾಗುತ್ತದೆ.

ಫರ್ಮ್‌ವೇರ್ ಅದಕ್ಕಿಂತ ಒಳಗಿನದು. ಅಂಗಡಿಗೆ ಯಜಮಾನರು ಬರುವ ಮೊದಲೇ ಬಂದು ಶಟರ್ ಎತ್ತಿ, ಲೈಟ್ ಹಾಕಿ, ಎಲ್ಲ ಸರಿಯಿದೆಯೇ ನೋಡುವ ಆಳು ಇರುತ್ತಾರಲ್ಲ, ಹಾಗೆ. ವಿಂಡೋಸ್ ಎಚ್ಚರವಾಗುವ ಮೊದಲೇ ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಈ ಚಿಕ್ಕ ಪ್ರೋಗ್ರಾಂ ಎದ್ದು ಯಂತ್ರವನ್ನು ಎಬ್ಬಿಸುತ್ತದೆ. ನಾವು ಇನ್ನೂ ಹಳೆಯ ಹೆಸರಿನಲ್ಲಿ ಬಯೋಸ್ ಎನ್ನುತ್ತೇವೆ. ಈಗಿನದರ ಹೆಸರು ಯುಇಎಫ್‌ಐ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಸೆಕ್ಯೂರ್ ಬೂಟ್‌ಗೆ ಒಗ್ಗುವ ಯುಇಎಫ್‌ಐ ಬೇಕು, ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇದರಲ್ಲಿ ಮೊದಲ ಎರಡು ಫರ್ಮ್‌ವೇರ್‌ಗೆ ಸೇರಿದ ವಿಷಯ. ಯಂತ್ರದಲ್ಲಿ ಟಿಪಿಎಂ ಇದ್ದರೂ ಬಯೋಸ್‌ನಲ್ಲಿ ಆಫ್ ಆಗಿದ್ದರೆ ‘ನಿಮ್ಮ ಕಂಪ್ಯೂಟರ್ ಯೋಗ್ಯವಲ್ಲ’ ಎಂಬ ಉತ್ತರ ಬರುತ್ತದೆ. ಅದನ್ನು ನಂಬಿ ಒಳ್ಳೆಯ ಯಂತ್ರವನ್ನು ಗುಜರಿಗೆ ಹಾಕುವವರೂ ಇರಬಹುದು.

‘ಓಡುತ್ತಿರುವುದನ್ನು ಮುಟ್ಟಬೇಡ’ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕಾರಣವಿಲ್ಲದೆ ಪ್ರತಿ ತಿಂಗಳು ಬಯೋಸ್ ಕೆದಕಬಾರದು. ಆದರೆ ಇಡೀ ಆಪರೇಟಿಂಗ್ ಸಿಸ್ಟಮ್ ಬದಲಿಸುವುದು ಒಂದು ಕಾರಣ. ಉಚಿತ ಅಪ್‌ಡೇಟ್ ನಿಂತಿತು ಎಂದು ಯಂತ್ರ ಅದೇ ದಿನ ನಿಂತುಹೋಗುವುದಿಲ್ಲ, ನಿಜ. ಮನೆ ಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆಯೂ ಇದೆ. ಅದಕ್ಕೆ ಹೆಸರು ನೋಂದಾಯಿಸಬೇಕು. ಇದರಿಂದ ಗಾಬರಿಪಡಬೇಕಿಲ್ಲ ಎಂಬುದು ತಿಳಿಯುತ್ತದೆ. ಆದರೆ ಜಿಎಸ್‌ಟಿ ಪಾಸ್‌ವರ್ಡು, ಬ್ಯಾಂಕಿನ ವ್ಯವಹಾರ ಇರುವ ಯಂತ್ರವನ್ನು ಭದ್ರತೆ ಇಲ್ಲದೆ ವರ್ಷಗಟ್ಟಲೆ ಓಡಿಸುವುದು ಬೀಗವಿಲ್ಲದ ಗಲ್ಲಾಪೆಟ್ಟಿಗೆ ಇಟ್ಟುಕೊಂಡ ಹಾಗೆ.

ಹಾಗಾದರೆ ತಯಾರಿ ಎಂದರೆ ಏನು? ಹೊಸ ವರ್ಷದ ಪುಸ್ತಕ ತೆರೆಯುವ ಮೊದಲು ಹಳೆಯದರ ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡುತ್ತೇವಲ್ಲ, ಅದೇ ಶಿಸ್ತು. ಪೆಟ್ಟು ತಿಂದ ಮೇಲೆ ನಾನು ಕಲಿತ ಕ್ರಮ ಇದು.

ಒಂದು, ಬ್ಯಾಕಪ್. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಡೇಟಾ ಮೆನು ಬರುತ್ತದೆ, ಅದರಲ್ಲಿ ಬ್ಯಾಕಪ್ ಇದೆ. ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ. ಅಷ್ಟಕ್ಕೇ ನಿಲ್ಲಿಸದೆ ಇನ್ನೊಂದು ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ ತೆರೆದು ನೋಡಿ. ತೆರೆಯದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಫೋಟೋ, ಪ್ರಾಜೆಕ್ಟ್, ನುಡಿಯಲ್ಲಿ ಟೈಪ್ ಮಾಡಿದ ಪತ್ರಗಳನ್ನೂ ಮರೆಯಬೇಡಿ.

ಎರಡು, ಬೀಗದ ಕೈ. ನಾನು ಬಿಟ್ಟದ್ದು ಇದನ್ನೇ. ಈಗಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದ ಕೂಡಲೇ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಫರ್ಮ್‌ವೇರ್ ಬದಲಾದಾಗ ಟಿಪಿಎಂ ಚಿಪ್ಪಿಗೆ ‘ಶಟರ್ ಎತ್ತುತ್ತಿರುವವನು ಬೇರೆಯವನು’ ಎಂದು ಅನುಮಾನ ಬಂದು ಬೀಗ ತೆಗೆಯುವುದಿಲ್ಲ. ಇದು ಕೆಟ್ಟಿದ್ದಲ್ಲ. ಕಳ್ಳ ಬಂದರೂ ಅದು ಹೀಗೇ ಮಾಡಬೇಕು. ಆದ್ದರಿಂದ ಖಾತೆ ಯಾರ ಹೆಸರಿನಲ್ಲಿದೆ ಎಂದು ಮೊದಲು ನೋಡಿ. ಆ ಖಾತೆಗೆ ಹೋಗಿ 48 ಅಂಕಿಯ ಕೀಯನ್ನು ಕಾಗದದಲ್ಲಿ ಬರೆದುಕೊಳ್ಳಿ. ಅದೇ ಲ್ಯಾಪ್‌ಟಾಪಿನೊಳಗೆ ಸೇವ್ ಮಾಡಿದರೆ ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟಂತೆ. ಆಮೇಲೆ ಫರ್ಮ್‌ವೇರ್‌ಗೆ ಕೈ ಹಾಕುವ ಮುಂಚೆ ಬಿಟ್‌ಲಾಕರ್ ಅನ್ನು ಸಸ್ಪೆಂಡ್ ಮಾಡಿ. ಹೋಮ್ ಆವೃತ್ತಿಯಾದರೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಮುಗಿಯುವವರೆಗೆ ಕಾಯಿರಿ. ಕೆಲಸವಾದ ಮೇಲೆ ಮತ್ತೆ ಆನ್ ಮಾಡಿ. ನಾನು ನೋಡಿದ ವಿಡಿಯೋದಲ್ಲಿ ಈ ಮಾತು ಇತ್ತು. ನಾನು ಒಂದೂವರೆ ಪಟ್ಟು ವೇಗದಲ್ಲಿ ನೋಡಿದ್ದೆ.

ಮೂರು, ಕರೆಂಟು. ಫರ್ಮ್‌ವೇರ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಯಂತ್ರ ಮತ್ತೆ ಏಳದೇ ಇರಬಹುದು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ತುಂಬಿರಬೇಕು, ಚಾರ್ಜರೂ ಹಾಕಿರಬೇಕು. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಮಾಡಲೇಬಾರದು. ಪರದೆ ಕಪ್ಪಾಯಿತು ಎಂದು ಪವರ್ ಬಟನ್ ಒತ್ತಬಾರದು. ಕೆಲವು ನಿಮಿಷ ಕಪ್ಪಾಗಿ ಉಳಿಯುವುದು, ಎರಡು ಮೂರು ಸಲ ತಾನೇ ರೀಸ್ಟಾರ್ಟ್ ಆಗುವುದು ಸಹಜ.

ನಾಲ್ಕು, ಎಲ್ಲಿಂದ ತರುವುದು. ಸಿಸ್ಟಮ್ ಇನ್ಫರ್ಮೇಷನ್ ಎಂದು ಹುಡುಕಿದರೆ ಮಾಡೆಲ್, ಬಯೋಸ್ ಆವೃತ್ತಿ ಮತ್ತು ಅದರ ತಾರೀಕು ಕಾಣುತ್ತದೆ. ಅದೇ ಮಾಡೆಲ್‌ಗೆ, ಯಂತ್ರ ತಯಾರಿಸಿದ ಕಂಪನಿಯ ಸೈಟಿನಿಂದಲೇ, ಇಲ್ಲವೇ ವಿಂಡೋಸ್ ಅಪ್‌ಡೇಟ್‌ನಿಂದಲೇ ತೆಗೆದುಕೊಳ್ಳಿ. ‘ನಿಮ್ಮ 37 ಡ್ರೈವರ್‌ಗಳು ಹಳೆಯವು, ಒಂದೇ ಕ್ಲಿಕ್ಕಿನಲ್ಲಿ ಸರಿಮಾಡುತ್ತೇವೆ’ ಎಂದು ಹೆದರಿಸುವ ಸಾಫ್ಟ್‌ವೇರ್‌ಗಳನ್ನು ದೂರವಿಡಿ. ಗೊತ್ತಿಲ್ಲದ ದುಭಾಷಿಯನ್ನು ಡಾಕ್ಟರ್ ಮುಂದೆ ಕೂರಿಸುವುದಿಲ್ಲ ನಾವು.

ಐದು, ಕ್ರಮ. ಮೊದಲು ಫರ್ಮ್‌ವೇರ್, ಆಮೇಲೆ ಚಿಪ್‌ಸೆಟ್, ಗ್ರಾಫಿಕ್ಸ್, ವೈ-ಫೈ ಮುಂತಾದ ಡ್ರೈವರ್‌ಗಳು. ಒಂದೊಂದೇ ಮಾಡಿ, ನಡುವೆ ರೀಸ್ಟಾರ್ಟ್ ಮಾಡಿ. ಹೊಸ ಡ್ರೈವರ್ ಸರಿಬರದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ರೋಲ್ ಬ್ಯಾಕ್ ಮಾಡುವ ದಾರಿ ಇದೆ. ಎಲ್ಲ ಒಟ್ಟಿಗೆ ಹಾಕಿದರೆ ಯಾವುದು ಕೆಡಿಸಿತು ಎಂದು ಹುಡುಕುವುದು ತಾಳೆಯಾಗದ ಟ್ರಯಲ್ ಬ್ಯಾಲೆನ್ಸಿನಲ್ಲಿ ತಪ್ಪು ಹುಡುಕಿದಷ್ಟೇ ಕಷ್ಟ. ವೈ-ಫೈ ಮತ್ತು ಪ್ರಿಂಟರಿನ ಹೊಸ ಡ್ರೈವರ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಮೊದಲೇ ಇಟ್ಟುಕೊಳ್ಳಿ. ಇಂಟರ್ನೆಟ್ಟೇ ಹೋದ ಮೇಲೆ ಇಂಟರ್ನೆಟ್ಟಿನ ಡ್ರೈವರ್ ಎಲ್ಲಿಂದ ತರುತ್ತೀರಿ? ಎರಡು ಮೂರು ದಿನ ಹಳೆಯ ವಿಂಡೋಸ್‌ನಲ್ಲೇ ಓಡಿಸಿ, ಎಲ್ಲ ಸರಿಯಿದ್ದರೆ ಮಾತ್ರ ಅಪ್‌ಗ್ರೇಡ್. ಆದ ಮೇಲೂ 10 ದಿನದೊಳಗೆ ಹಳೆಯದಕ್ಕೆ ಹಿಂತಿರುಗುವ ಅವಕಾಶ ಇರುತ್ತದೆ. ಅಲ್ಲಿಯವರೆಗೆ ‘ಜಾಗ ಖಾಲಿ ಮಾಡುತ್ತೇನೆ’ ಎಂದು ಹಳೆಯ ವಿಂಡೋಸ್ ಫೈಲ್‌ಗಳನ್ನು ಅಳಿಸಬೇಡಿ.

ಸೆಪ್ಟೆಂಬರ್ 14ರ ಭಾನುವಾರ ಮಾಮು ಮತ್ತೆ ಲ್ಯಾಪ್‌ಟಾಪ್ ತಂದುಕೊಟ್ಟರು. ನನಗೇ. ಈ ಸಲ ಖಾತೆ ಮಾಮು ಹೆಸರಿನಲ್ಲಿ, ಕೀ ಮುಮಾನಿಯ ಬೀರುವಿನಲ್ಲಿ, ಬ್ಯಾಕಪ್ ಎರಡು ಪೆನ್‌ಡ್ರೈವ್‌ನಲ್ಲಿ. ಅಪ್‌ಗ್ರೇಡ್ ಆದ ಮೇಲೆ ವೈ-ಫೈ ಗುರುತೇ ಕಾಣಲಿಲ್ಲ. ಎದೆ ಧಸಕ್ಕೆಂದಿತು. ಪೆನ್‌ಡ್ರೈವ್ ಹಾಕಿದೆ, ಡ್ರೈವರ್ ಇನ್‌ಸ್ಟಾಲ್ ಮಾಡಿದೆ, ಐದು ನಿಮಿಷದಲ್ಲಿ ಬಂತು. ಮಾಮುವಿನ ಮಗನಿಗೆ ಕೊಡಬೇಕಿದ್ದ ಉತ್ತರ ಅದೇ ಆಯಿತು. ತಯಾರಿ ಇದ್ದರೆ ಹುಡುಗಿಯ ಕೈಯೂ ನಡೆಯುತ್ತದೆ, ಇಲ್ಲದಿದ್ದರೆ ಯಾರ ಕೈಯೂ ನಡೆಯುವುದಿಲ್ಲ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟ್, ಅದರ ಡ್ರೈವರ್ ಓದುವ ಒಂದು ಫೈಲ್ ಅಷ್ಟೆ, ಪ್ರಪಂಚದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೀಲಿ ಪರದೆಗೆ ತಳ್ಳಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆಗಲೂ ಎಷ್ಟೋ ಕಡೆ ದುರಸ್ತಿ ತಡವಾದದ್ದು ಬಿಟ್‌ಲಾಕರ್ ಕೀ ಕೈಗೆ ಸಿಗದೆ. ಎಲ್ಲ ಯಂತ್ರಗಳಿಗೂ ಒಂದೇ ಸಲಕ್ಕೆ ಕಳಿಸದೆ, ಮೊದಲು ಕೆಲವಕ್ಕೆ ಮಾತ್ರ ಕಳಿಸಿ ನೋಡಿದ್ದರೆ ಅನಾಹುತ ಅಷ್ಟು ದೊಡ್ಡದಾಗುತ್ತಿರಲಿಲ್ಲ.

ಈ ಮಾತು ನಮ್ಮ ಕಾಲೇಜಿಗೂ ಸಲ್ಲುತ್ತದೆ. ನಮ್ಮ ಲ್ಯಾಬಿನ ಕಂಪ್ಯೂಟರುಗಳೂ, ಆಫೀಸಿನವೂ ಇನ್ನೂ ವಿಂಡೋಸ್ 10ರಲ್ಲೇ ಇವೆ. ದಸರಾ ರಜೆ ಬರುತ್ತಿದೆ. ಲ್ಯಾಬ್ ಖಾಲಿ ಇರುವ ಆ ದಿನಗಳಲ್ಲಿ ಈ ಕೆಲಸ ಮಾಡಬಹುದು. ಪ್ರಾಂಶುಪಾಲರಲ್ಲಿ ಮತ್ತು ಲ್ಯಾಬ್ ನೋಡಿಕೊಳ್ಳುವವರಲ್ಲಿ ನನ್ನ ವಿನಂತಿ ಮೂರು. ಮೊದಲನೆಯದು, ಒಂದು ರಿಜಿಸ್ಟರ್ ಇಡೋಣ. ಪ್ರತಿ ಯಂತ್ರಕ್ಕೂ ಒಂದು ಪುಟ, ಅದರಲ್ಲಿ ಮಾಡೆಲ್, ಬಯೋಸ್ ಆವೃತ್ತಿ, ಅಪ್‌ಡೇಟ್ ಆದ ತಾರೀಕು. ರಿಕವರಿ ಕೀಗಳನ್ನು ಮಾತ್ರ ಬೇರೆ ಕಾಗದದಲ್ಲಿ ಆಫೀಸಿನ ಲಾಕರ್‌ನಲ್ಲಿ ಇಡಲಿ. ಎರಡನೆಯದು, ಮೊದಲು ಒಂದೇ ಯಂತ್ರಕ್ಕೆ ಮಾಡಿ, ಅದರಲ್ಲಿ ಟ್ಯಾಲಿ, ನುಡಿ, ಪ್ರಿಂಟರ್ ಎಲ್ಲ ಒಂದು ವಾರ ಓಡಿಸಿ ನೋಡಿ, ಆಮೇಲೆ ಉಳಿದವಕ್ಕೆ ಹೋಗಲಿ. ವಿಂಡೋಸ್ 11 ಒಪ್ಪದಷ್ಟು ಹಳೆಯ ಯಂತ್ರಗಳಿಗೆ ಅಡ್ಡದಾರಿಯಲ್ಲಿ ಹಾಕುವುದು ಬೇಡ. ಮೂರನೆಯದು, ನಮ್ಮನ್ನೂ ಸೇರಿಸಿಕೊಳ್ಳಿ. ಕಾಮರ್ಸ್‌ನಿಂದ ಹತ್ತು ಜನ ಬರುತ್ತೇವೆ. ಬ್ಯಾಕಪ್ ತೆಗೆಯುವುದು, ಪುಟ ತುಂಬುವುದು, ಕಾಯುತ್ತ ಕೂರುವುದು ನಮ್ಮ ಕೈಲಾಗುವ ಕೆಲಸ. ರೆಕಾರ್ಡ್ ಬುಕ್ಕಿನಲ್ಲಿ ಬರೆಯುವುದಕ್ಕಿಂತ ಹೆಚ್ಚು ಕಲಿಯುತ್ತೇವೆ.

ನಮ್ಮ ಮನೆಯಲ್ಲಿ ದಾದಿ ಮತ್ತೆ ಮತ್ತೆ ಹೇಳುವ ಒಂದು ಮಾತು ಅಮಾನತ್. ಒಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ ವಸ್ತು. ಪಕ್ಕದ ಮನೆಯವರು ಇಟ್ಟುಹೋದ ಒಡವೆ ಅಮಾನತ್ ಎಂದು ಚಿಕ್ಕಂದಿನಿಂದ ಗೊತ್ತಿತ್ತು. ಮಾಮುವಿನ ಐದು ತಿಂಗಳ ಲೆಕ್ಕವೂ ಅಮಾನತ್ತೇ ಎಂಬುದು ಆ ರಾತ್ರಿ ಬಿಲ್ ಬುಕ್ಕುಗಳನ್ನು ಇಳಿಸುವುದನ್ನು ನೋಡಿದಾಗ ಗೊತ್ತಾಯಿತು.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ, ಅಂಗಡಿಯ ಕಂಪ್ಯೂಟರ್ ಯಾರ ಇಮೇಲಿನಲ್ಲಿ ತೆರೆದಿದೆ ಎಂದು ನೋಡಿ. ಹೆಸರು ಗುರುತಿಲ್ಲದಿದ್ದರೆ, ಅಪ್‌ಡೇಟ್ ಆಮೇಲೆ ಇರಲಿ. ಮೊದಲು ಅವರ ಫೋನ್ ನಂಬರ್ ಹುಡುಕಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ